ಮುಳ್ಳಿಲ್ಲದ ದ್ವೀಪದಲ್ಲಿ ದುರ್ಗದವರು

ಚಿತ್ರದುರ್ಗದ ಗಿಡಗಳು ಜಗಳಗಂಟಿಗಳು. ಜೋಗಿಮಟ್ಟಿಯ ಕಾಲುದಾರಿಯಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ಕಾರೆ, ಬೋರೆ, ಜಾಲಿಗಳಲ್ಲಿ ಯಾವುದಾದರೊಂದು ಬಟ್ಟೆ ಹಿಡಿದು ಜಗ್ಗುತ್ತದೆ. ಮುಳ್ಳು ನೋಡಿಕೊಂಡೇ ಕಾಲಿಡುವ ಅಭ್ಯಾಸ ಹವಾಯಿಯ ಕವಾಯಿ ದ್ವೀಪಕ್ಕೆ ಹೋದಾಗಲೂ ನನ್ನ ಜೊತೆಗಿತ್ತು. ಅಲ್ಲಿ ಅದಕ್ಕೆ ಕೆಲಸವೇ ಸಿಗಲಿಲ್ಲ.

ಕ್ಯಾಲಿಫೋರ್ನಿಯಾದಲ್ಲಿರುವ ಮಗಳು, ಅಳಿಯನಿಗೆ ಕಡಲತೀರ ಬೇಕಿತ್ತು; ನನಗೆ ಲಿಮಾಹುಲಿ ಉದ್ಯಾನ. ದ್ವೀಪದ ಉತ್ತರ ಕರಾವಳಿಯಲ್ಲಿ, ಕಡಿದಾದ ಮಕಾನ ಬೆಟ್ಟದ ಬುಡದಲ್ಲಿರುವ ಇದು ರಾಷ್ಟ್ರೀಯ ಉಷ್ಣವಲಯ ಸಸ್ಯೋದ್ಯಾನ ಸಂಸ್ಥೆಗೆ ಸೇರಿದ ತೋಟ. ಮುಂಗಡ ಕಾಯ್ದಿರಿಸದೆ ಹೋಗುವಂತಿಲ್ಲ. ಹನಲೇ ಊರು ದಾಟಿದ ಮೇಲೆ ಒಂದೇ ಗಾಡಿ ಹಿಡಿಸುವ ಸೇತುವೆಗಳು ಸಾಲಾಗಿ ಬರುತ್ತವೆ. ಎದುರಿನ ಐದಾರು ಕಾರುಗಳಿಗೆ ದಾರಿ ಬಿಟ್ಟು ಆಮೇಲೆ ಈ ಕಡೆಯವರು ಹೊರಡುತ್ತಾರೆ. ಹಾರ್ನ್ ಇಲ್ಲ, ಬೈಗುಳವಿಲ್ಲ. ನಮ್ಮ ಗಾಂಧಿ ವೃತ್ತದಲ್ಲಿ ಇದನ್ನು ಊಹಿಸಿಕೊಳ್ಳಲು ಹೋಗಿ ಸೋತೆ.

ಮಳೆ ಹಿಡಿದಿತ್ತು. ಅಲ್ಲಿಯ ಮಳೆಯ ಲೆಕ್ಕವೇ ಬೇರೆ. 2018ರ ಏಪ್ರಿಲ್‌ನಲ್ಲಿ ಇದೇ ಕರಾವಳಿಯ ವೈಪಾದಲ್ಲಿ 24 ಗಂಟೆಯೊಳಗೆ ಸುಮಾರು 1,262 ಮಿಲಿಮೀಟರ್ ಸುರಿದು ಅಮೆರಿಕದ ದಾಖಲೆಯಾಯಿತು. ಗುಡ್ಡ ಕುಸಿದು ಈ ರಸ್ತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹೊರಗಿನವರಿಗೆ ಮುಚ್ಚಿತ್ತು. ನಮ್ಮ ಜಿಲ್ಲೆಗೆ ಎರಡು ವರ್ಷ ಬೀಳುವ ಮಳೆ ಅದು. 1933ರಲ್ಲಿ ಕೋಡಿ ಬಿದ್ದ ವಾಣಿ ವಿಲಾಸ ಸಾಗರ ಮತ್ತೆ ಕೋಡಿ ಹರಿಯಲು 2022ರವರೆಗೆ ಕಾದವರು ನಾವು. ಕೊಡೆಯಡಿ ನಿಂತು ಹೊಟ್ಟೆಕಿಚ್ಚುಪಡುವುದಲ್ಲದೆ ಬೇರೆ ದಾರಿ ಇರಲಿಲ್ಲ.

ತೋಟದೊಳಗೆ ಮೊದಲು ಸಿಗುವುದು ಕೆಸುವಿನ ಗದ್ದೆ. ಕಲ್ಲು ಜೋಡಿಸಿ ಕಟ್ಟಿದ ಮೆಟ್ಟಿಲು ಮೆಟ್ಟಿಲಾದ ಮಡಿಗಳು. ನೂರಾರು ವರ್ಷಗಳ ಹಿಂದಿನ ಕಟ್ಟಡ, ಗಾರೆಯಿಲ್ಲ. ಹಳ್ಳದಿಂದ ತಿರುಗಿಸಿದ ನೀರು ಮಡಿಯಿಂದ ಮಡಿಗೆ ಇಳಿದು ಮತ್ತೆ ಹಳ್ಳಕ್ಕೇ ಸೇರುತ್ತದೆ. ಹವಾಯಿಯ ಮೂಲ ಜನರ ಪುರಾಣದಲ್ಲಿ ಕೆಸು ಮನುಷ್ಯನ ಅಣ್ಣ. ಮೊದಲು ಹುಟ್ಟಿದ್ದು ಅದು, ಆಮೇಲೆ ನಾವು. ದೇವರ ಎತ್ತುಗಳನ್ನು ಮನೆಯವರಂತೆ ಸಾಕುವ ಚಳ್ಳಕೆರೆ ಕಡೆಯ ಮ್ಯಾಸಬೇಡರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮುಂದೆ ಅರಿಶಿನ, ಕಬ್ಬು, ಬಾಳೆ, ತೆಂಗು. "ಇದನ್ನು ನೋಡುವುದಕ್ಕೆ ಇಷ್ಟು ದೂರ ಬರಬೇಕಿತ್ತೇನ್ರೀ?" ಎಂದಳು ನನ್ನ ಹೆಂಡತಿ. ಹೊಸದುರ್ಗದ ತೆಂಗಿನ ತೋಟದಲ್ಲಿ ಬೆಳೆದವಳು. ಇವು ಯಾವುವೂ ದ್ವೀಪದಲ್ಲಿ ತಾವಾಗಿ ಹುಟ್ಟಿದವಲ್ಲ, ಪಾಲಿನೇಷ್ಯಾದ ಜನ ದೋಣಿಯಲ್ಲಿ ತಂದು ನೆಟ್ಟವು ಎಂದು ಹೇಳಿದೆ. ಹವಾಯಿಯ ಚಿತ್ರಗಳಲ್ಲೆಲ್ಲ ಬಾಗಿ ನಿಲ್ಲುವ ತೆಂಗೂ ವಲಸೆ ಬಂದದ್ದೆಂದು ತಿಳಿದ ಮೇಲೆ ಅವಳಿಗೆ ಆ ಜಾಗದ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿತು.

ಅಲ್ಲಿಯೇ ಹುಟ್ಟಿದ ಸಸ್ಯಗಳ ಸಂಗತಿ ಬೇರೆ. ಗಾಳಿ, ಹಕ್ಕಿ, ಅಲೆಗಳ ಜೊತೆ ಎಂದೋ ಬಂದ ಬೀಜಗಳು ಲಕ್ಷಾಂತರ ವರ್ಷಗಳಲ್ಲಿ ಬದಲಾಗಿ, ಇಂದು ಅಲ್ಲಿಯ ಹೂಬಿಡುವ ಸ್ಥಳೀಯ ಗಿಡಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಪ್ರಪಂಚದ ಬೇರೆಲ್ಲೂ ಇಲ್ಲ. ಮೇಯುವ ಸಸ್ತನಿಗಳೇ ಇರಲಿಲ್ಲ. ನೆಲದ ಮೇಲಿದ್ದ ಸಸ್ತನಿಯೆಂದರೆ ಬಾವಲಿ. ಹಾಗಾಗಿ ಅನೇಕ ಗಿಡಗಳು ಮುಳ್ಳು, ಘಾಟು, ಉರಿಗಳನ್ನು ಬಿಟ್ಟುಕೊಟ್ಟವು. 'ಮಾಮಕಿ' ಎಂಬ ಪೊದೆಯ ಎಲೆಯನ್ನು ಮುಟ್ಟಲು ಹಿಂಜರಿದೆ, ಏಕೆಂದರೆ ಅದು ಮೈಮೇಲೆ ಬೊಬ್ಬೆಯೇಳಿಸುವ ತುರಿಕೆ ಗಿಡಗಳ ಕುಟುಂಬದ್ದು. ಹಲ್ಲುಹಲ್ಲಾದ ಅಂಚು, ಮಾಸಲು ಅಡಿಭಾಗ, ಎದ್ದು ಕಾಣುವ ನರಗಳು. ಬೆರಳಾಡಿಸಿದೆ, ಏನೂ ಆಗಲಿಲ್ಲ. ಅಲ್ಲಿಯವರು ಅದರ ಎಲೆಯಿಂದ ಚಹಾ ಮಾಡಿ ಕುಡಿಯುತ್ತಾರೆ.

ಇಂಥ ಸಾಧುಗಳ ನಡುವೆ 1778ರಲ್ಲಿ ಕ್ಯಾಪ್ಟನ್ ಕುಕ್‌ನ ಹಡಗು ಬಂತು, ಅದರೊಡನೆ ಮೇಕೆಗಳೂ ಬಂದವು. ಮುಂದಿನದನ್ನು ಕುರಿ ಮೇಕೆ ಸಾಕುವ ನಾಡಿನವರು ಊಹಿಸಬಲ್ಲರು. ನಮ್ಮ ಗಿಡಗಳ ಜಗಳಗಂಟಿತನದ ಮೇಲೆ ನನಗೆ ಗೌರವ ಮೂಡಿದ್ದು ಅಲ್ಲಿ.

ಹೆಚ್ಚು ಹೊತ್ತು ನಿಂತದ್ದು 'ಆಲುಲಾ' ಗಿಡದ ಮುಂದೆ. ಮುದ್ದೆಯಂತೆ ಉಬ್ಬಿದ ಬುಡ, ರೆಂಬೆಯಿಲ್ಲದ ಕಾಂಡ, ತುದಿಯಲ್ಲಿ ಮಾತ್ರ ದಪ್ಪ ಎಲೆಗಳ ಗೊಂಚಲು. ಕಡಲಿಗೆ ಮುಖ ಮಾಡಿದ ಬಂಡೆಗಳಲ್ಲಿ ಬೆಳೆಯುತ್ತಿದ್ದ ಗಿಡ. ಕೆನೆ ಬಣ್ಣದ ಹೂವಿನ ಕೊಳವೆ ಎಷ್ಟು ಉದ್ದವೆಂದರೆ, ಉದ್ದ ನಾಲಗೆಯ ಪತಂಗವೇ ಬರಬೇಕು. ಆ ಪತಂಗ ಅಳಿದಿದೆ ಎಂದೇ ಭಾವಿಸಲಾಗಿದೆ. ಹಾಗಾಗಿ ಈ ಸಸ್ಯೋದ್ಯಾನದ ತಜ್ಞರು ನಾಪಾಲಿ ತೀರದ ಬಂಡೆಗಳಿಂದ ಹಗ್ಗ ಕಟ್ಟಿಕೊಂಡು ಇಳಿದು, ಒಂದು ಹೂವಿನ ಪರಾಗವನ್ನು ಕುಂಚದಿಂದ ಇನ್ನೊಂದಕ್ಕೆ ಹಚ್ಚಿ, ಬೀಜ ಕಟ್ಟಿಸಿ ತಂದರು. ಆ ಬೀಜಗಳ ಸಂತತಿ ಈಗ ಪ್ರಪಂಚದ ಹಲವು ಸಸ್ಯೋದ್ಯಾನಗಳಲ್ಲಿದೆ. ದುರ್ಗದ ಕೋಟೆಗೋಡೆಯನ್ನು ಬರಿಗೈಯಲ್ಲಿ ಹತ್ತುವವರನ್ನು ಕಂಡು ಚಪ್ಪಾಳೆ ತಟ್ಟಿದ್ದೇನೆ; ಒಂದು ಹೂವಿಗಾಗಿ ಬಂಡೆ ಇಳಿದವರಿಗೆ ಎಷ್ಟು ತಟ್ಟಿದರೂ ಸಾಲದು.

ಉದ್ಯಾನದವರಿಗೆ ಈಗಿನ ದೊಡ್ಡ ತಲೆನೋವು ಹೊರಗಿನಿಂದ ಬಂದು ಕಾಡನ್ನೇ ನುಂಗುತ್ತಿರುವ ಒಂದು ಜಾತಿಯ ಪೇರಲ. ದ್ವೀಪಗಳಿಗೆ ಲಂಟಾನವೂ ಬಂದಿದೆ. 1902ರಲ್ಲೇ ಅದನ್ನು ತಿನ್ನುವ ಕೀಟಗಳನ್ನು ತರಿಸಿ ಬಿಟ್ಟಿದ್ದರಂತೆ. ಜೋಗಿಮಟ್ಟಿಯಲ್ಲಿ ಅದೇ ಲಂಟಾನದ ಪೊದೆಗಳ ನಡುವೆ ಕಮರ, ದಿಂಡಿಗದ ಸಸಿಗಳು ಬೆಳಕಿಗಾಗಿ ಹೆಣಗುವುದನ್ನು ನೋಡುತ್ತಲೇ ಇದ್ದೇನೆ.

ಊರಿಗೆ ಬಂದ ಮೇಲೆ ನಮ್ಮ ಬಡಾವಣೆಯ ಪಾರ್ಕಿನವರ ಬಳಿ ಒಂದೆರಡು ಕಮರದ ಸಸಿ ಇಡೋಣ ಎಂದೆ. "ಅದು ಬಹಳ ನಿಧಾನ ಸಾರ್, ಕೋನೋಕಾರ್ಪಸ್ ಆದರೆ ಎರಡೇ ವರ್ಷಕ್ಕೆ ಗೋಡೆಯ ಹಾಗೆ ನಿಲ್ಲುತ್ತದೆ" ಎಂಬ ಉತ್ತರ ಬಂತು. ವಾದಕ್ಕಿಳಿಯಲಿಲ್ಲ. ಕಮರ ಪ್ರತಿ ವರ್ಷ ಹೇರಳವಾಗಿ ಬೀಜ ಕೊಡುವ ಮರವಲ್ಲ. ಈ ಬೇಸಿಗೆಯಲ್ಲಿ ಕಾಯಿ ಉದುರಿದರೆ ಒಂದಿಷ್ಟು ಆರಿಸಿ ಕೊಡುವಂತೆ ಕುರಿ ಕಾಯುವ ಪರಿಚಯದವರೊಬ್ಬರಿಗೆ ಹೇಳಿಟ್ಟಿದ್ದೇನೆ. ಹಿತ್ತಿಲಿನಲ್ಲಿ ಎರಡು ಗುಂಡಿ ತೆಗೆಸಿದ್ದಾಗಿದೆ.