ಮಂಡಕ್ಕಿ ಕಾಳಿನ ಕೆಳಗಿದ್ದ ರೀಸೆಟ್ ಬಟನ್

ನನ್ನ ವೈರ್‌ಲೆಸ್ ಕೀಬೋರ್ಡ್‌ನ ಫರ್ಮ್‌ವೇರ್, ಅಂದರೆ ಅದರೊಳಗೇ ಕೂತು ಅದನ್ನು ನಡೆಸುವ ಪ್ರೋಗ್ರಾಂ, ಅಪ್‌ಡೇಟ್ ಆಗ್ತಾ 62 ಪರ್ಸೆಂಟ್‌ಗೆ ಬಂದಿತ್ತು, ಕರೆಂಟ್ ಹೋಯಿತು. ದಾವಣಗೆರೆಯ ಬೇಸಿಗೆಯಲ್ಲಿ ಇದೇನು ಹೊಸದಲ್ಲ. ಯುಪಿಎಸ್ ಬ್ಯಾಟರಿ ಸತ್ತು ವರ್ಷ ಆಗಿದ್ದರೂ ಬದಲಿಸದೆ ಕೂತಿದ್ದು ನಾನೇ. ಕೀಬೋರ್ಡ್‌ಗೆ ಒಳಗೇ ಬ್ಯಾಟರಿ ಇದೆ ನಿಜ, ಆದರೆ ಫೈಲ್ ಕಳಿಸುತ್ತಿದ್ದ ಕಂಪ್ಯೂಟರೇ ಆಫ್ ಆದರೆ ಅದು ಪಾಪ ಏನು ಮಾಡೀತು?

ಕರೆಂಟ್ ಬಂದ ಮೇಲೆ ನೋಡಿದರೆ ಲೈಟ್ ಇಲ್ಲ, ಯಾವ ಕೀ ಒತ್ತಿದರೂ ಕಮಕ್ ಕಿಮಕ್ ಅನ್ನಲ್ಲ. ವಿಂಡೋಸ್ ಪಾಸ್‌ವರ್ಡ್ ಕೇಳುತ್ತಿದೆ, ಹೊಡೆಯೋಕೆ ಕೀಬೋರ್ಡೇ ಇಲ್ಲ! ಲಾಗಿನ್ ಪರದೆಯ ಬಲಗಡೆ ಕೆಳಗೆ ಪುಟ್ಟ ಮನುಷ್ಯನ ಚಿತ್ರ ಇರುತ್ತದಲ್ಲ, ಅದನ್ನು ಒತ್ತಿ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆದು, ಮೌಸ್‌ನಲ್ಲಿ ಒಂದೊಂದೇ ಅಕ್ಷರ ಕುಟ್ಟಿದೆ. ಅವ್ವ ನೋಡಿ, "ಹಳೇ ವೈರಿಂದು ಚೆನ್ನಾಗೇ ಇತ್ತಲ್ಲಪ್ಪ, ಅದಕ್ಕೇನಾಗಿತ್ತು?" ಅಂದಳು. ರಿಪೇರಿ ಅಂಗಡಿಯವನು ಅಲ್ಲಾಡಿಸಿ ನೋಡಿ, "ಬೋರ್ಡ್ ಹೋಗಿದೆ ಸರ್, ಹೊಸದು ತಗಳ್ಳಿ" ಅಂದ.

ಬೋರ್ಡ್ ಹೋಗಿರಲಿಲ್ಲ. ಇಂಥ ಕೀಬೋರ್ಡ್‌ನ ಚಿಪ್‌ನಲ್ಲಿ ಬೂಟ್‌ಲೋಡರ್ ಅಂತ ಒಂದು ಚಿಕ್ಕ ಪ್ರೋಗ್ರಾಂ ಬೇರೆ ಜಾಗದಲ್ಲಿ ಕೂತಿರುತ್ತದೆ. ಅಪ್‌ಡೇಟ್ ಅಳಿಸಿ ಬರೆಯೋದು ಫರ್ಮ್‌ವೇರ್ ಇರುವ ಜಾಗವನ್ನು, ಬೂಟ್‌ಲೋಡರನ್ನು ಸಾಮಾನ್ಯವಾಗಿ ಮುಟ್ಟಲ್ಲ. ಇದನ್ನು ಎಬ್ಬಿಸಿದರೆ ಫೈಲ್ ಮತ್ತೆ ತುಂಬಬಹುದು. ಕೆಲವು ಕೀಬೋರ್ಡ್‌ಗಳಲ್ಲಿ ಎಸ್ಕೇಪ್ ಒತ್ತಿ ಹಿಡಿದು ಕೇಬಲ್ ಚುಚ್ಚಬೇಕು. ನನ್ನದರಲ್ಲಿ ಅದಕ್ಕೆ ಒಂದು ರೀಸೆಟ್ ಬಟನ್ ಸ್ಪೇಸ್‌ಬಾರ್ ಕೆಳಗಿದೆ. ಎತ್ತಿದರೆ ಮೂರು ಮಂಡಕ್ಕಿ ಕಾಳು, ಒಂದು ಶೇಂಗಾ ಸಿಪ್ಪೆ, ಅದರಡಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಬಟನ್. ನಮ್ಮೂರಲ್ಲಿ ಮಿರ್ಚಿ ಮಂಡಕ್ಕಿ ಇಲ್ಲದೆ ಸಂಜೆ ಕೆಲಸ ಸಾಗಲ್ಲ, ಅದಕ್ಕೆ ಸಾಕ್ಷಿ.

ಬಟನ್ ಒತ್ತಿ ಹಿಡಿದೆ, ಕೇಬಲ್ ಚುಚ್ಚಿದೆ. ಏನೂ ಇಲ್ಲ. ಒಂದು ತಾಸು ಹೀಗೇ ಹೋಯಿತು, ಪೋರ್ಟ್ ಬದಲಿಸಿದೆ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿದೆ, ಅಂಗಡಿಯವನು ಹೇಳಿದ್ದೇ ಸರಿ ಇರಬೇಕು ಅಂತಲೂ ಅನ್ನಿಸಿತು. ಕೊನೆಗೆ ನೋಡಿದರೆ ಆ ಕೇಬಲ್ ಟ್ರಿಮ್ಮರ್ ಜೊತೆ ಬಂದದ್ದು. ಅಂಥವುಗಳಲ್ಲಿ ಎಷ್ಟೋ ಸಲ ಚಾರ್ಜಿಂಗಿನ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರಲ್ಲ. ಫೋನಿನ ಕೇಬಲ್ ಹಾಕಿದ್ದೇ ತಡ, ಟಿಣ್ ಅಂತು! ವಿಂಡೋಸ್‌ನಲ್ಲಿ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಎಸ್‌ಟಿಎಂ32 ಬೂಟ್‌ಲೋಡರ್ ಅಂತ ಹೆಸರು ಬಂತು, ಎಸ್‌ಟಿಎಂ32 ಅನ್ನೋದು ಕೀಬೋರ್ಡ್ ಒಳಗಿನ ಚಿಪ್.

ಆಮೇಲಿನದು ಸುಲಭ. ಕಂಪನಿಯ ಸೈಟಿನಿಂದ ನನ್ನ ಮಾಡೆಲ್‌ನದೇ ಫರ್ಮ್‌ವೇರ್‌ನ ಬಿನ್ ಫೈಲ್ ಇಳಿಸಿ, ಅದನ್ನು ಕೀಬೋರ್ಡ್‌ಗೆ ತುಂಬುವ ಕ್ಯೂಎಂಕೆ ಟೂಲ್‌ಬಾಕ್ಸ್ ಅನ್ನೋ ಸಾಫ್ಟ್‌ವೇರ್‌ನಲ್ಲಿ ಫ್ಲ್ಯಾಶ್ ಒತ್ತಿದೆ. ಮಾಡೆಲ್ ಹೆಸರು ಎರಡು ಸಲ ನೋಡಿಕೊಳ್ಳಿ, ತಿರುಗಿಸುವ ನಾಬ್ ಇರೋದಕ್ಕೂ ಇಲ್ಲದ್ದಕ್ಕೂ ಫೈಲ್ ಬೇರೆ ಇರಬಹುದು. ಒಂದು ನಿಮಿಷವೂ ಹಿಡಿಯಲಿಲ್ಲ, ಲೈಟ್ ಬಂತು. ಬ್ಲೂಟೂತ್ ಮಾತ್ರ ಹಳೇದೆಲ್ಲ ಮರೆತಿತ್ತು, ಎಫ್‌ಎನ್ ಕೀ ಜೊತೆ 1 ಒತ್ತಿ ಹಿಡಿದು ಹೊಸದಾಗಿ ಪೇರ್ ಮಾಡಿದೆ.

ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ವೈರ್‌ಲೆಸ್ ಡಾಂಗಲ್‌ಗೂ ಬೇರೆ ಒಂದು ಅಪ್‌ಡೇಟ್ ಇದೆ ಅಂತ ತೋರಿಸುತ್ತಿದೆ. ಮೊದಲು ಯುಪಿಎಸ್‌ಗೆ ಬ್ಯಾಟರಿ ಹಾಕಿಸುತ್ತೇನೆ.