ಇಂದುಮತಿ ಯಾಕೆ ಬೇಕು ಅಂತ ಕೇಳುವವರಿಗೆ

ಪ್ರಶ್ನೆ ಇದು: "ಮೇಡಂ, ಛೋಟಾ ಭೀಮ್‌ನಲ್ಲಿ ಆ ರಾಜಕುಮಾರಿ ಇದ್ದಾಳಲ್ಲ, ಇಂದುಮತಿ, ಅವಳು ಯಾಕೆ ಬೇಕು? ತೆಗೆದು ಹಾಕಿದರೂ ಕಥೆ ನಡೆಯುತ್ತೆ ಅಲ್ವಾ?"

ತುಮಕೂರಿನಲ್ಲಿ ಬೇಸಿಗೆ ರಜೆಯಲ್ಲಿ ಮಕ್ಕಳಿಗೆ ನಾಟಕ ಕಲಿಸುತ್ತೇನೆ. ಯಾವ ಕಥೆ ಆಡೋಣ ಅಂದರೆ ಮಕ್ಕಳು ಮೊದಲು ಕೂಗುವುದು ಢೋಲಕ್‌ಪುರ. ಹಾಗಾಗಿ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಮಗಳಿಗೆ ಇಂದುಮತಿ ಪಾರ್ಟು ಬಂತಲ್ಲ ಅಂತ ಬೇಜಾರಾದ ಅಮ್ಮಂದಿರು ಕೇಳುತ್ತಾರೆ. ಮದುವೆ ಮನೆಯಲ್ಲಿ ನೆಂಟರು ಕೇಳುತ್ತಾರೆ. ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನುತ್ತಾ ಕೂತಿದ್ದಾಗ ಪಕ್ಕದ ಟೇಬಲ್‌ನಿಂದ ಇದೇ ಪ್ರಶ್ನೆ ಬಂತು. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಅದಕ್ಕೆ ಬರೆಯುತ್ತಿದ್ದೇನೆ.

ನೋಡದವರಿಗೆ ಎರಡು ಮಾತು. ಛೋಟಾ ಭೀಮ್ ಹೈದರಾಬಾದಿನ ಗ್ರೀನ್ ಗೋಲ್ಡ್ ಅನಿಮೇಷನ್‌ನವರು ಮಾಡಿದ ಕಾರ್ಟೂನ್. ಹುಟ್ಟು ಹಾಕಿದವರು ರಾಜೀವ್ ಚಿಲಕ. 2008ರಲ್ಲಿ ಪೋಗೋ ಚಾನೆಲ್‌ನಲ್ಲಿ ಶುರುವಾಯಿತು. ಢೋಲಕ್‌ಪುರ ಅನ್ನೋ ರಾಜ್ಯ, ಅಲ್ಲಿ ಒಂಬತ್ತು ವರ್ಷದ ಭೀಮ. ಲಡ್ಡು ತಿಂದರೆ ಅವನಿಗೆ ಎಲ್ಲಿಲ್ಲದ ಬಲ. ಜೊತೆಗೆ ಚುಟ್ಕಿ, ರಾಜು, ಜಗ್ಗು ಕೋತಿ. ಎದುರಿಗೆ ಕಾಲಿಯಾ, ಅವನ ಹಿಂದೆ ಢೋಲು-ಭೋಲು. ಆ ಊರಿನ ರಾಜ ಇಂದ್ರವರ್ಮ. ಅವನ ಮಗಳು ಇಂದುಮತಿ.

ಈಗ ಉತ್ತರ. ಇಂದುಮತಿ ಇರುವುದರಿಂದಲೇ ಭೀಮ ಅರಮನೆಗೆ ಆಳಾಗಿ ಹೋಗದೆ ಗೆಳೆಯನಾಗಿ ಹೋಗುತ್ತಾನೆ. ಅವಳ ಕೆಲಸ ಅದೇ. ಸಣ್ಣ ಕೆಲಸ ಅಲ್ಲ.

ಸ್ವಲ್ಪ ಯೋಚನೆ ಮಾಡಿ. ಊರಿಗೆ ಡಕಾಯಿತ ಬಂದ, ರಾಕ್ಷಸ ಬಂದ. ರಾಜ ಭೀಮನಿಗೆ ಹೇಳಿ ಕಳಿಸಿದ. ಭೀಮ ಹೋಗಿ ಹೊಡೆದು ಬಂದ. ರಾಜ ಶಭಾಷ್ ಅಂದ. ಇಷ್ಟೇ ಆಗಿದ್ದರೆ ಭೀಮ ಸಂಬಳ ಇಲ್ಲದ ಕಾವಲುಗಾರ. ರಾಜ ಕರೆದಾಗ ಓಡಬೇಕು, ಕೆಲಸ ಮುಗಿದ ಮೇಲೆ ಹೊರಡಬೇಕು. ಇಂದುಮತಿ ಬಂದ ತಕ್ಷಣ ಈ ಲೆಕ್ಕ ಬದಲಾಗುತ್ತದೆ. ಅವಳು ಆಟಕ್ಕೆ ಕರೆಯುತ್ತಾಳೆ, ಹಬ್ಬಕ್ಕೆ ಕರೆಯುತ್ತಾಳೆ. ಅರಮನೆ ಬಾಗಿಲಲ್ಲಿ ಈಟಿ ಹಿಡಿದು ನಿಂತವರು ಸುಮ್ನೆ ದಾರಿ ಬಿಡುತ್ತಾರೆ. ಹಳ್ಳಿ ಹುಡುಗರು, ಅವರ ಜೊತೆ ಒಂದು ಕೋತಿ, ಹೆದರದೆ ಒಳಗೆ ಓಡಾಡುತ್ತಾರೆ. ಇಂದ್ರವರ್ಮನೂ ಅಷ್ಟೆ. ಮಗಳು ಪಕ್ಕದಲ್ಲಿದ್ದರೆ ಅವನು ಅಪ್ಪ. ಅವಳಿಲ್ಲದಿದ್ದರೆ ಬರೀ ಕಿರೀಟ. ಮಗಳನ್ನು ಯಾರೋ ಹೊತ್ತುಕೊಂಡು ಹೋದಾಗ ಅವನು ಪಡುವ ಗಾಬರಿ ಟಿವಿ ಮುಂದೆ ಕೂತ ಮಗುವಿಗೆ ಗೊತ್ತಾಗುತ್ತದೆ. ರಾಜ್ಯ ಕಳೆದುಕೊಳ್ಳುವ ಗಾಬರಿ ಆರು ವರ್ಷದ ಮಗುವಿಗೆ ಏನು ಗೊತ್ತಾಗಬೇಕು?

"ಆದರೆ ಅವಳಿಗೆ ಡೈಲಾಗೇ ಇಲ್ಲ ಮೇಡಂ." ಇದು ಮುಂದಿನ ಮಾತು. ಡೈಲಾಗ್ ಎಣಿಸಿ ಪಾರ್ಟು ಅಳೆಯುವ ಈ ಚಾಳಿ ನನಗೆ ಹಿಡಿಸುವುದಿಲ್ಲ. ಅದೂ ತುಮಕೂರಿನವರು ಹೀಗೆ ಕೇಳಿದರೆ ಇನ್ನೂ ಬೇಜಾರು. ಗುಬ್ಬಿ ಕಂಪನಿ 1884ರಲ್ಲಿ ಹುಟ್ಟಿದ ಜಿಲ್ಲೆ ಇದು. ನಮ್ಮ ಹಳ್ಳಿಗಳಲ್ಲಿ ಇವತ್ತಿಗೂ ರಾತ್ರಿಯಿಡೀ ಕುರುಕ್ಷೇತ್ರ ಆಡುತ್ತಾರೆ. ಅಲ್ಲಿ ಪಾರ್ಟು ಹಂಚುವ ರೀತಿ ನಿಮಗೆ ಗೊತ್ತಿರುತ್ತದೆ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು, ಭೀಮನಿಗೆ ಇಷ್ಟು ಅಂತ ಊರ ಗಂಡಸರು ಕೈಯಿಂದ ದುಡ್ಡು ಹಾಕಿ ಪಾರ್ಟು ಹಿಡಿಯುತ್ತಾರೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಕೂರಿಸಿಕೊಂಡು ಕಂದಪದ್ಯ ಕಲಿಸುತ್ತಾರೆ. ಲೇಡಿ ಪಾರ್ಟಿನವರು ಮಾತ್ರ ಹೊರಗಿನಿಂದ, ಆಟದ ದಿನ ಸಂಜೆ ಬಸ್ಸಿಳಿದು ಬರುತ್ತಾರೆ.

ನಮ್ಮೂರಲ್ಲಿ ಹಾಗೆ ಬಂದ ಒಬ್ಬ ರುಕ್ಮಿಣಿಯನ್ನು ನಾನು ಚಿಕ್ಕವಳಿದ್ದಾಗ ನೋಡಿದ್ದೆ. ಸ್ಟೇಜಿನ ಹಿಂದೆ ಚಾಪೆ ಮೇಲೆ ಕೂತು, ಮೊಣಕಾಲಿಗೆ ಕನ್ನಡಿ ಒರಗಿಸಿಕೊಂಡು, ಹುಬ್ಬು ತಿದ್ದಿಕೊಳ್ಳುತ್ತಿದ್ದರು. ಬಾಯಲ್ಲಿ ಹೇರ್‌ಪಿನ್ ಕಚ್ಚಿಕೊಂಡೇ ಮೇಷ್ಟ್ರನ್ನು ಶ್ರುತಿ ಎಷ್ಟು ಅಂತ ಕೇಳಿದರು. ಅವರಿಗಿದ್ದದ್ದು ಒಂದೇ ಸೀನು. ಕೃಷ್ಣ ಮಲಗಿರುತ್ತಾನೆ, ಅವರು ಕಾಲು ಒತ್ತುತ್ತಾ ಕೂತಿರುತ್ತಾರೆ. ದುರ್ಯೋಧನ ಮೀಸೆ ತಿರುವುತ್ತಾ ನುಗ್ಗಿದ. ಆತ ನಮ್ಮೂರಿನ ದೊಡ್ಡ ಕುಳ. ಎಲ್ಲರಿಗಿಂತ ಜಾಸ್ತಿ ದುಡ್ಡು ಕೊಟ್ಟಿದ್ದವನು. ಶಿಳ್ಳೆ ಬಿತ್ತು. ರುಕ್ಮಿಣಿ ಏಳಲಿಲ್ಲ. ಸೆರಗು ಸರಿ ಮಾಡಿಕೊಂಡರು. ತುಟಿ ಮೇಲೆ ಬೆರಳಿಟ್ಟು, ಮಲಗಿದ್ದಾರೆ ಅಂತ ಕಣ್ಣಲ್ಲೇ ತೋರಿಸಿದರು. ಆಮೇಲೆ ನಿಧಾನಕ್ಕೆ ಎದ್ದು ಒಳಗೆ ಹೋದರು. ಅಷ್ಟೇ. ಆದರೆ ದುರ್ಯೋಧನ ದನಿ ತಗ್ಗಿಸಬೇಕಾಯಿತು. ಅದು ಯುದ್ಧದ ಬಯಲಲ್ಲ, ಒಂದು ಸಂಸಾರದ ಮನೆ ಅಂತ ಬಯಲಲ್ಲಿ ಕೂತ ಅಷ್ಟೂ ಜನಕ್ಕೆ ಗೊತ್ತಾಯಿತು. ಆ ಪಾರ್ಟು ತೆಗೆದು ಹಾಕಿ ನೋಡಿ. ಅಲ್ಲಿ ಉಳಿಯುವುದು ಒಂದು ಮಂಚ, ಅದರ ಮೇಲೆ ಮಲಗಿದ ಒಬ್ಬ ಗಂಡಸು.

ಇಂದುಮತಿಯೂ ಅರಮನೆಯನ್ನು ಹಾಗೇ ಮನೆ ಮಾಡುತ್ತಾಳೆ. ಹತ್ತು-ಹನ್ನೊಂದು ನಿಮಿಷದಲ್ಲಿ ಮುಗಿಯುವ ಕಥೆಗಳಲ್ಲಿ ಎಲ್ಲರನ್ನೂ ಬೆಳೆಸಲು ಜಾಗ ಇರುವುದಿಲ್ಲ, ಅದು ನನಗೂ ಗೊತ್ತು. ಆದರೂ ಆ ಹುಡುಗಿ ಇದ್ದಷ್ಟು ಹೊತ್ತು ಸುಮ್ನೆ ಇರುವುದಿಲ್ಲ.

ಇನ್ನು ಆ ಇನ್ನೊಂದು ಪ್ರಶ್ನೆ. "ಭೀಮ ಕೊನೆಗೆ ಯಾರನ್ನ ಮದುವೆ ಆಗ್ತಾನೆ? ಇವಳು ಚುಟ್ಕಿ ದಾರಿಗೆ ಅಡ್ಡ ಬಂದವಳಲ್ವಾ?" ದೊಡ್ಡವರು ಇದನ್ನು ನಗುತ್ತಾ ಕೇಳುತ್ತಾರೆ. ನನಗೆ ನಗು ಬರುವುದಿಲ್ಲ. 2020ರ ಜೂನ್‌ನಲ್ಲಿ, ಲಾಕ್‌ಡೌನ್ ಕಾಲದಲ್ಲಿ, ಭೀಮ ಚುಟ್ಕಿಯನ್ನು ಬಿಟ್ಟು ಇಂದುಮತಿಯನ್ನು ಮದುವೆಯಾದ ಅಂತ ಒಂದು ಸುಳ್ಳು ಸುದ್ದಿ ಹಬ್ಬಿತು. ಚುಟ್ಕಿಗೆ ನ್ಯಾಯ ಬೇಕು ಅಂತ ಟ್ವಿಟರ್‌ನಲ್ಲಿ ಗಲಾಟೆಯೋ ಗಲಾಟೆ. ಕೊನೆಗೆ ಗ್ರೀನ್ ಗೋಲ್ಡ್‌ನವರೇ ಹೇಳಿಕೆ ಕೊಡಬೇಕಾಯಿತು: ಇವರೆಲ್ಲ ಇನ್ನೂ ಮಕ್ಕಳು, ಮದುವೆ ಸುದ್ದಿ ಸುಳ್ಳು. ಇದನ್ನು ಯಾರಾದರೂ ಹೇಳಬೇಕಿತ್ತಾ? ಒಂಬತ್ತು ವರ್ಷದ ಹುಡುಗ ಅವನು. ಬಾಲ್ಯವಿವಾಹ ತಪ್ಪು ಅಂತ ಶಾಲೆ ಗೋಡೆಗಳ ಮೇಲೆ ಬರೆಸುವ ನಾಡಿನಲ್ಲಿ, ಓದಿದವರು ಕೂತು ಕಾರ್ಟೂನ್ ಮಕ್ಕಳಿಗೆ ಜೋಡಿ ಹುಡುಕುತ್ತಾರೆ.

ಆ ಗಲಾಟೆಯಲ್ಲಿ ನನಗೆ ಇನ್ನೊಂದು ವಿಷಯ ಬಹಳ ನೋವು ಮಾಡಿತು. ಚುಟ್ಕಿ ಪರ ಜನ ಇದ್ದರು. ಭೀಮನನ್ನು ಬೈಯಲು ಜನ ಇದ್ದರು. ಇಂದುಮತಿಗೆ ಇದು ಬೇಕಾ, ಬೇಡವಾ ಅಂತ ನನಗೆ ಕಂಡ ಹಾಗೆ ಒಬ್ಬರೂ ಕೇಳಲಿಲ್ಲ. ಕಾಳಿದಾಸನ ರಘುವಂಶದಲ್ಲೂ ಒಬ್ಬ ಇಂದುಮತಿ ಇದ್ದಾಳೆ. ದಶರಥನ ತಾಯಿ. ಅವಳ ಸ್ವಯಂವರಕ್ಕೆ ಕವಿ ಒಂದು ಇಡೀ ಸರ್ಗವನ್ನೇ ಕೊಟ್ಟಿದ್ದಾನೆ. ಸುನಂದೆ ಅನ್ನೋ ಬಾಗಿಲ ಕಾವಲಿನವಳು ಒಬ್ಬೊಬ್ಬ ರಾಜನ ಮುಂದೂ ನಿಲ್ಲಿಸಿ ಅವನ ಹೆಚ್ಚುಗಾರಿಕೆ ಹೇಳುತ್ತಾಳೆ. ಮಗಧದವನು, ಅಂಗದವನು, ಅವಂತಿಯವನು. ಇಂದುಮತಿ ಒಬ್ಬೊಬ್ಬರನ್ನೂ ದಾಟಿ ಮುಂದೆ ನಡೆಯುತ್ತಾಳೆ. ಕೊನೆಗೆ ಅಜನ ಮುಂದೆ ನಿಲ್ಲುತ್ತಾಳೆ. ಅಷ್ಟು ಹಳೆಯ ಕಾವ್ಯದ ರಾಜಕುಮಾರಿಗೆ ಬೇಡ ಅನ್ನುವ ಹಕ್ಕಿತ್ತು.

ನಿಜಕ್ಕೂ ಕೇಳಬೇಕಾದ ಪ್ರಶ್ನೆ ಇಲ್ಲೇ ಇದೆ. ಅವಳಿಗೆ ಏನು ಬೇಕು?

ಢೋಲಕ್‌ಪುರದ ಬೇರೆ ಮಕ್ಕಳನ್ನು ನೋಡಿ. ಭೀಮನಿಗೆ ಲಡ್ಡು ಬೇಕು. ಕಾಲಿಯಾಗೆ ಒಂದು ಸಲವಾದರೂ ಭೀಮನನ್ನು ಸೋಲಿಸಬೇಕು. ರಾಜುಗೆ ಭೀಮನ ಹಾಗೆ ಆಗಬೇಕು. ಚುಟ್ಕಿಗೆ ಅಮ್ಮನಿಗೆ ಗೊತ್ತಾಗದ ಹಾಗೆ ಗೆಳೆಯನಿಗೆ ಲಡ್ಡು ತಲುಪಿಸಬೇಕು. ಆ ಅಮ್ಮ, ಟುನ್‌ಟುನ್ ಮೌಸಿಗೆ, ತನ್ನ ಲಡ್ಡು ಉಳಿಯಬೇಕು. ಇಂದುಮತಿಗೆ? ಅವಳಿಗೆ ಬೇಕಾದ್ದು ಒಂದೂ ಇಲ್ಲ. ಮಾತು ಕಮ್ಮಿ ಇರುವುದು ಕೊರತೆ ಅಲ್ಲ. ಆಸೆ ಇಲ್ಲದಿರುವುದು ಕೊರತೆ. ಏನೂ ಬೇಡದ ಪಾತ್ರವನ್ನು ಆಡಲು ಮಗುವಿಗೆ ಕಷ್ಟ. ನಾನು ರಿಹರ್ಸಲ್‌ನಲ್ಲಿ ದಿನಾ ನೋಡುತ್ತೇನೆ. ಕಾಲಿಯಾ ಆದ ಹುಡುಗ ಹೇಳಿಕೊಡದೆಯೇ ಎದೆ ಉಬ್ಬಿಸುತ್ತಾನೆ. ಇಂದುಮತಿ ಆದ ಹುಡುಗಿ ಕೈ ಎಲ್ಲಿಡಬೇಕು ಅಂತ ಕೇಳುತ್ತಾಳೆ.

ಒಂದು ಬೇಸಿಗೆ ಈ ಪ್ರಶ್ನೆಯನ್ನು ಮಕ್ಕಳಿಗೇ ಕೇಳಿದೆ. ಎಲ್ಲರೂ ಒಟ್ಟಿಗೆ ಕೂಗಿದರು. ಅವಳಿಗೆ ಕುದುರೆ ಬೇಕು ಅಂದ ಒಬ್ಬ. ಇದೆಯಲ್ಲೋ, ಅರಮನೆ ತುಂಬಾ ಕುದುರೆ ಅಂದಳು ಒಬ್ಬಳು. ಫೋನ್ ಬೇಕು ಅಂದ ಇನ್ನೊಬ್ಬ. ಎಲ್ಲರೂ ಅವನ ಮೇಲೆ ಬಿದ್ದರು. ಆಗ ಮೂಲೆಯಲ್ಲಿ ಕೂತಿದ್ದ ನಾಲ್ಕನೇ ಕ್ಲಾಸಿನ ಹುಡುಗಿ ಹೇಳಿದಳು: "ಮಿಸ್, ಅವಳಿಗೆ ಒಂದ್ಸಲ ಲಡ್ಡು ಕದೀಬೇಕು."

ಯಾಕಮ್ಮಾ ಅಂದೆ.

"ಅರಮನೇಲಿ ಲಡ್ಡು ತಾನಾಗೇ ಬರುತ್ತೆ ಮಿಸ್. ತಟ್ಟೇಲಿ ಇಟ್ಟು ತಂದುಕೊಡ್ತಾರೆ. ಅವರೆಲ್ಲ ಕದ್ದು ಓಡ್ತಾರಲ್ಲ, ಮೌಸಿ ಅಟ್ಟಿಸ್ಕೊಂಡು ಬರ್ತಾಳಲ್ಲ, ಆಗ ಎಷ್ಟು ನಗ್ತಾರೆ. ಇವಳನ್ನ ಯಾರೂ ಅಟ್ಟಿಸ್ಕೊಂಡು ಬರಲ್ಲ."

ನಾನು ನಾಟಕ ಕಲಿಸಲು ಶುರು ಮಾಡಿದ ಮೇಲೆ ಪಾತ್ರದ ಬಗ್ಗೆ ಕೇಳಿದ ಮಾತುಗಳಲ್ಲಿ ಇಷ್ಟು ಸರಿಯಾದ ಮಾತು ಇನ್ನೊಂದಿಲ್ಲ. ಇಂದುಮತಿ ಆ ಗುಂಪಿನಲ್ಲಿದ್ದೂ ಯಾಕೆ ಹೊರಗಿನವಳ ಹಾಗೆ ಕಾಣುತ್ತಾಳೆ ಅನ್ನೋದು ಆ ಮಗುವಿಗೆ ಗೊತ್ತಿತ್ತು. ರಾಜನ ಮಗಳನ್ನು ಬೈಯುವವರಿಲ್ಲ. ಬೈಸಿಕೊಳ್ಳದವಳ ಜೊತೆ ಉಳಿದ ಮಕ್ಕಳು ಪೂರ್ತಿ ಸಲಿಗೆಯಿಂದ ಇರಲಾರರು. ಆ ವರ್ಷ ನಾವು ಅದನ್ನೇ ಆಡಿದೆವು. ಇಂದುಮತಿ ಮಾರುವೇಷದಲ್ಲಿ ಮೌಸಿ ಅಂಗಡಿಗೆ ಬಂದು ಲಡ್ಡು ಕದಿಯುತ್ತಾಳೆ. ಮೌಸಿ ಪಾರ್ಟಿನ ಹುಡುಗಿ ಸ್ಟೇಜ್ ಬಿಟ್ಟು ಜನರ ಮಧ್ಯೆ ಅಟ್ಟಿಸಿಕೊಂಡು ಹೋದಳು. ಇಂದುಮತಿ ಕುರ್ಚಿಗಳ ಸಂದಿಯಲ್ಲಿ ಓಡುತ್ತಾ, ಉಸಿರು ಕಟ್ಟಿ ನಗುತ್ತಾ, ಕಿರೀಟ ಬೀಳಿಸಿಕೊಂಡಳು. ರಟ್ಟಿನ ಕಿರೀಟ. ಯಾರೋ ಅಜ್ಜ ಅದನ್ನು ಎತ್ತಿಕೊಂಡು "ತಗೊಳಮ್ಮಾ, ತಗೊಳಮ್ಮಾ" ಅಂತ ಅವಳ ಹಿಂದೆ ಹೋದರು. ಡೈಲಾಗ್ ಇಲ್ಲ ಅಂತ ಬೇಜಾರು ಮಾಡಿಕೊಂಡಿದ್ದ ಅಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದರು. ಆ ಓಟದಲ್ಲೂ ಮಗಳಿಗೆ ಒಂದು ಮಾತೂ ಇರಲಿಲ್ಲ. ಅವರು ಅದನ್ನು ಮತ್ತೆ ಎತ್ತಲಿಲ್ಲ.

ಇನ್ನೊಂದು ಆಸೆಯನ್ನು ನಾನೇ ಸೇರಿಸುತ್ತೇನೆ. ಇಂದ್ರವರ್ಮನ ನಂತರ ಢೋಲಕ್‌ಪುರ ಆಳುವವರು ಯಾರು? ಕಾರ್ಟೂನಿನಲ್ಲಿ ನಮಗೆ ಕಾಣುವ ರಾಜನ ಮಗು ಇವಳು. ಹಾಗಿದ್ದ ಮೇಲೆ ಅವಳು ಕಲಿಯಬೇಕಾದ್ದು ಎಷ್ಟಿದೆ! 2012ರಲ್ಲಿ ಥಿಯೇಟರಿಗೆ ಬಂದ ದಮ್ಯಾನನ ಶಾಪದ ಸಿನಿಮಾದಲ್ಲಿ ಈ ರಾಜ ನಿಧಿಯ ಆಸೆಗೆ ಸೋನಾಪುರದ ದಾರಿ ಹಿಡಿಯುತ್ತಾನೆ. ಅಂದರೆ ಊರು ಬಿಟ್ಟು ಹೊರಡುವ ರಾಜ ಇವನು. ಅಂಥ ಹೊತ್ತಿನಲ್ಲಿ ಕೆರೆ ನೀರಿಗೆ ಜಗಳ ಆದರೆ? ಯಾವುದೋ ಹಳ್ಳಿಯಲ್ಲಿ ರಾಗಿ ಬೆಳೆ ಕೈ ಕೊಟ್ಟರೆ? ಭೀಮ ಗುದ್ದಿ ಸರಿ ಮಾಡುವ ಕಷ್ಟಗಳಲ್ಲ ಇವು. ಎಷ್ಟು ಲಡ್ಡು ತಿಂದರೂ ಆಗದು. ಕೂತು ಎರಡೂ ಕಡೆಯವರ ಮಾತು ಕೇಳಬೇಕು, ತೀರ್ಮಾನ ಹೇಳಬೇಕು. ಹೇಳಿದ ಮೇಲೆ ಅರ್ಧ ಊರಿನ ಸಿಟ್ಟು ತಡೆದುಕೊಳ್ಳಬೇಕು. ಅದು ಇಂದುಮತಿಯ ಪಾರ್ಟು.

ಹೆಣ್ಣುಮಗಳು ಆಳುವುದನ್ನು ನಮ್ಮ ಮಕ್ಕಳಿಗೆ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಗಂಡ ಸೋಮಶೇಖರ ನಾಯಕ ಹೋದ ಮೇಲೆ ಕೆಳದಿ ಚೆನ್ನಮ್ಮ ಸುಮಾರು 25 ವರ್ಷ ರಾಜ್ಯ ಆಳಿದಳು. ಔರಂಗಜೇಬನ ಸೇನೆ ಹಿಂದೆ ಬಿದ್ದಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಳು. ಚೆನ್ನಮ್ಮನ ಪಾರ್ಟು ಹಾಕಲು ನಮ್ಮ ಶಿಬಿರದಲ್ಲಿ ಹುಡುಗಿಯರು ಕಿತ್ತಾಡುತ್ತಾರೆ. ಕೈ ಎಲ್ಲಿಡಬೇಕು ಅಂತ ಆಗ ಯಾರೂ ಕೇಳುವುದಿಲ್ಲ.

ಹಾಗಾಗಿ ಇಂದುಮತಿಯನ್ನು ತೆಗೆದು ಹಾಕಿ ಅನ್ನಬೇಡಿ. ಅವಳಿಗೆ ಒಂದು ಕಂತು ಕೊಡಿ ಅಂತ ಕೇಳಿ. ರಾಜ ಊರಲ್ಲಿಲ್ಲ, ಭೀಮನಿಗೆ ಜ್ವರ, ಅರಮನೆ ಬಾಗಿಲಲ್ಲಿ ಎರಡು ಹಳ್ಳಿಯ ಜನ ಬಂದು ನಿಂತಿದ್ದಾರೆ. ಹನ್ನೊಂದು ನಿಮಿಷ ಸಾಕು. ಲಡ್ಡು ಕದಿಯುವ ಸೀನನ್ನೂ ಅದರಲ್ಲೇ ಸೇರಿಸಬಹುದು, ತೀರ್ಮಾನ ಹೇಳಿ ಮುಗಿಸಿದ ಮೇಲೆ.