ಸೇನೆಯ ಗ್ಯಾಸ್‌ಲೈಟಿಗೆ ಮತ್ತೆ ಹಸಿರು ಬಣ್ಣ

ನಮ್ಮ ದೊಡ್ಡಪ್ಪನವರು ಸೇನೆಯಿಂದ ನಿವೃತ್ತರಾದ ಮೇಲೆ ಹಳೆಯ ಸೇನಾ ಸಾಮಾನುಗಳ ಹರಾಜಿನಲ್ಲಿ ಕೊಂಡು ತಂದಿದ್ದ ವೇಪಾಲಕ್ಸ್ ಎಂಬ ಸೀಮೆಎಣ್ಣೆಯ ಗ್ಯಾಸ್‌ಲೈಟ್ ದೀಪವು ಬಹುಕಾಲ ಕಾಫಿ ತೋಟದ ಗೋದಾಮಿನಲ್ಲಿ ಗೋಣಿಚೀಲಗಳ ಹಿಂದೆ ಬಿದ್ದಿತ್ತು. ಇಂಗ್ಲೆಂಡಿನ ಹ್ಯಾಲಿಫ್ಯಾಕ್ಸ್ ಪಟ್ಟಣದ ವಿಲ್ಲಿಸ್ ಅಂಡ್ ಬೇಟ್ಸ್ ಕಂಪೆನಿ ತಯಾರಿಸುತ್ತಿದ್ದ ಈ ದೀಪಗಳನ್ನು ಬ್ರಿಟಿಷ್ ಸೇನೆ ಎರಡನೆಯ ಮಹಾಯುದ್ಧದ ಕಾಲದಿಂದಲೂ ಬಳಸಿದೆ. ಸರ್ಕಾರದ ಸ್ವತ್ತೆಂದು ಸೂಚಿಸುವ ಬಾಣದ ಗುರುತು ನಮ್ಮ ದೀಪದ ಎಣ್ಣೆಟ್ಯಾಂಕಿನ ಮೇಲೆ ಈಗಲೂ ಬೆರಳಿಗೆ ತಾಗುತ್ತದೆ.

ಇಂಥ ದೀಪಗಳ ಬಣ್ಣವನ್ನು ಪೂರ್ತಿ ಕೆರೆದು, ಹಿತ್ತಾಳೆಯನ್ನು ಹೊಳೆಯುವಂತೆ ಉಜ್ಜಿ, ಹೋಮ್‌ಸ್ಟೇಗಳ ಜಗಲಿಯಲ್ಲಿ ಅಲಂಕಾರಕ್ಕೆ ತೂಗುಹಾಕಿರುವುದನ್ನು ಕಂಡಾಗಲೆಲ್ಲ ನನಗೆ ನೋವಾಗುತ್ತದೆ. ಲೋಹ ಮಿನುಗಿ ಶತ್ರುವಿನ ಕಣ್ಣಿಗೆ ಬೀಳಬಾರದೆಂದೇ ಸೇನೆಯು ಅದಕ್ಕೆ ಹೊಳಪಿಲ್ಲದ ಹಸಿರನ್ನು ಬಳಿದಿತ್ತು. ಆ ಹಸಿರು ಹೋದರೆ ಅದು ಸೇನೆಯ ದೀಪವಾಗಿ ಉಳಿಯುವುದಿಲ್ಲ.

ಹಳೆಯ ಬಣ್ಣದಲ್ಲಿ ಸೀಸವಿರುವ ಸಾಧ್ಯತೆ ಇರುವುದರಿಂದ ಒಣ ಮರಳುಕಾಗದದಿಂದ ಉಜ್ಜಲೇಬಾರದು. ಮುಖಕ್ಕೆ ಮಾಸ್ಕ್ ಧರಿಸಿ, ನೀರು ಹಾಕಿಕೊಂಡೇ ಉಜ್ಜಬೇಕು. ಸ್ಪಿರಿಟ್ಟಿನಲ್ಲಿ ನೆನೆಸಿ ಉರಿಸುವ ಹಳೆಯ ಕಾಲದ ಬತ್ತಿಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತಿದ್ದುದರಿಂದ ನಮ್ಮ ದೀಪದ ಬತ್ತಿಯನ್ನು ಒದ್ದೆ ಮಾಡಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ತೆಗೆದಿಟ್ಟು, ಅದರ ಜಾಗಕ್ಕೆ ಗಾಜಿನ ನಾರಿನ ಬತ್ತಿಯನ್ನು ಹಾಕಿದೆ.

ಬಣ್ಣಕ್ಕಿಂತ ಮೊದಲು ಟ್ಯಾಂಕನ್ನು ಪರೀಕ್ಷಿಸಬೇಕು. ಪಂಪಿನ ಒಣಗಿದ ತೊಗಲಿನ ವಾಷರನ್ನು ಎಣ್ಣೆಯಲ್ಲಿ ನೆನೆಸಿ ಮೆದುಗೊಳಿಸಿ, ಗಾಳಿ ಹಿಂದಕ್ಕೆ ಬರದಂತೆ ತಡೆಯುವ ವಾಲ್ವಿನ ರಬ್ಬರನ್ನು ಬದಲಿಸಿ, ಗಾಳಿ ತುಂಬಿದ ಟ್ಯಾಂಕನ್ನು ಬಕೆಟ್ ನೀರಿನಲ್ಲಿ ಮುಳುಗಿಸಿದಾಗ ಒಂದು ಗುಳ್ಳೆಯೂ ಏಳಲಿಲ್ಲ. ಹಿತ್ತಾಳೆಯಲ್ಲಿ ಬಿರುಕು ಕಂಡಿದ್ದರೆ ಆ ದೀಪವನ್ನು ಮತ್ತೆಂದೂ ಹಚ್ಚಬಾರದಿತ್ತು.

ಕೊಡಗಿನಲ್ಲಿ ಬಣ್ಣ ಹಚ್ಚುವವನಿಗೆ ಹವೆಯೇ ಯಜಮಾನ. ಮಳೆಗಾಲದಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಹಿಡಿಯುವ ನಾಡಿನಲ್ಲಿ ಆಗ ಹಚ್ಚಿದ ಬಣ್ಣ ಗಟ್ಟಿಯಾಗುವುದಿಲ್ಲ, ಕೆಲವೊಮ್ಮೆ ಬಿಳಿಚಿಕೊಳ್ಳುತ್ತದೆ. ಆದ್ದರಿಂದ ಚಳಿಗಾಲದವರೆಗೆ ಕಾದು, ಬೆಳಗಿನ ಮಂಜು ಪೂರ್ತಿ ಕರಗಿ ಲೋಹ ಬಿಸಿಲಿಗೆ ಬೆಚ್ಚಗಾದ ಮೇಲೆ ಮಾತ್ರ ಕೆಲಸಕ್ಕೆ ಕುಳಿತೆ. ನುಣುಪಾದ ಹಿತ್ತಾಳೆಗೆ ಬಣ್ಣ ನೇರವಾಗಿ ಕಚ್ಚಿಕೊಳ್ಳುವುದಿಲ್ಲ. ಮೊದಲು ಲೋಹವನ್ನು ತುಸು ಕೊರೆದು ಹಿಡಿಯುವ ಎಚ್ ಪ್ರೈಮರ್ ಬೇಕು. ಹಸಿರಿನ ನಿಜವಾದ ಛಾಯೆ ಪಂಪಿನ ಕೊರಳಿನ ಕೆಳಗೆ, ಬಿಸಿಲೂ ಹೊಗೆಯೂ ತಲುಪದ ಅಂಚಿನಲ್ಲಿ ಉಳಿದಿತ್ತು. ಅದನ್ನೇ ಮಾದರಿಯಾಗಿಟ್ಟುಕೊಂಡು, ಅಂಗಡಿಯಲ್ಲಿ ಸಿಕ್ಕ ಹಸಿರಿಗೆ ಕಪ್ಪು ಮತ್ತು ಕಂದು ಬೆರೆಸಿ ಹೊಂದಿಸಿದೆ. ಬಾಣದ ಗುರುತು ತುಂಬಿಹೋಗದಂತೆ ಒಂದರ ಮೇಲೊಂದು ತೆಳುವಾದ ಪದರಗಳನ್ನೇ ಹಚ್ಚಿದೆ. ಮುಚ್ಚಳದ ತಿರುಪಿನ ಮರೆಗಳಿಗೂ ವಾಷರ್ ಕೂರುವ ಅಂಚಿಗೂ ಬಣ್ಣ ತಾಗಬಾರದು, ತಾಗಿದರೆ ಗಾಳಿ ಸೋರುತ್ತದೆ. ಮೇಲಿನ ಟೋಪಿಗೆ ಮಾತ್ರ ಬೈಕಿನ ಸೈಲೆನ್ಸರಿಗೆ ಹೊಡೆಯುವಂಥ, ಕಾವು ತಡೆಯುವ ಬಣ್ಣವೇ ಆಗಬೇಕು. ಟ್ಯಾಂಕಿನ ತಗ್ಗುಗಳನ್ನು ನಾನು ತುಂಬಲಿಲ್ಲ. ಅವು ದೀಪವು ಸೇವೆಯಲ್ಲಿ ಪಡೆದ ಗುರುತುಗಳು.

ಉರಿಯುವ ಕ್ರಮ ಸರಳ: ಸ್ಪಿರಿಟ್ಟಿನಿಂದ ಕಾಯಿಸಿದ ಕೊಳವೆಯಲ್ಲಿ ಸೀಮೆಎಣ್ಣೆ ಆವಿಯಾಗಿ, ಗಾಳಿಯೊಡನೆ ಬೆರೆತು ಉರಿದು, ಬೆಳಕು ಕೊಡುವ ಬಲೆಯಂಥ ಚೀಲವಾದ ಮ್ಯಾಂಟಲನ್ನು ಬೆಳಗಿಸುತ್ತದೆ. ಆ ಮ್ಯಾಂಟಲಿನ ಕಥೆ ನಮ್ಮ ನೆರೆಯ ಕಡಲತೀರಕ್ಕೂ ಸೇರುತ್ತದೆ. ಆಸ್ಟ್ರಿಯಾದ ಕಾರ್ಲ್ ಔವರ್ ಫಾನ್ ವೆಲ್ಸ್‌ಬಾಖ್ 1885ರಲ್ಲಿ ಮೊದಲ ಪೇಟೆಂಟ್ ಪಡೆದು, 1891ರ ಹೊತ್ತಿಗೆ ಶೇ. 99 ಥೋರಿಯಂ ಆಕ್ಸೈಡ್ ಮತ್ತು ಶೇ. 1 ಸೀರಿಯಂ ಆಕ್ಸೈಡ್ ಇರುವ ಮಿಶ್ರಣಕ್ಕೆ ಬಂದರು. ಮುಂದೆ ತಿರುವಾಂಕೂರಿನ (ಈಗಿನ ದಕ್ಷಿಣ ಕೇರಳದ) ತೀರದ ಮೋನಜೈಟ್ ಮರಳು ಈ ಉದ್ಯಮಕ್ಕೆ ಥೋರಿಯಂ ಒದಗಿಸಿತು. ಥೋರಿಯಂ ವಿಕಿರಣಶೀಲವಾದುದರಿಂದ ಈಗಿನ ಅನೇಕ ಮ್ಯಾಂಟಲ್‌ಗಳಲ್ಲಿ ಇಟ್ರಿಯಂ ಇರುತ್ತದೆ. ಹಳೆಯ ಮ್ಯಾಂಟಲಿನ ಬೂದಿಯನ್ನು ಊದಿ ಹಾರಿಸಬಾರದು.

ಮುಂದಿನ ಹುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತೆಗೆಯಲು ಹೋಗುವಾಗ ಈ ದೀಪವನ್ನೇ ಗದ್ದೆಗೆ ಒಯ್ಯುವುದೆಂದು ದೊಡ್ಡಪ್ಪನವರೇ ಹೇಳಿದ್ದಾರೆ. ಏರಿಗೋ ಬೇಲಿಗೋ ತಾಗಿ ಬಣ್ಣ ಎದ್ದರೆ ಅಷ್ಟಕ್ಕೆ ಮಾತ್ರ ಮತ್ತೆ ಹಚ್ಚಲು, ಬೆರೆಸಿದ ಹಸಿರಿನಲ್ಲಿ ಸ್ವಲ್ಪವನ್ನು ಬಿಗಿಯಾದ ಡಬ್ಬಿಯಲ್ಲಿ ಉಳಿಸಿಟ್ಟಿದ್ದೇನೆ.